ಮುದ್ದೆ ಬಿಟ್ಟರೆ ತುಪ್ಪ ಎಷ್ಟು?



ತೂಕ ಇಳಿಸಲು ಅನ್ನ, ಮುದ್ದೆ ಬಿಟ್ಟು ತುಪ್ಪ, ಬೆಣ್ಣೆ ಹೆಚ್ಚು ತಿನ್ನುವ 'ಕೀಟೋ' ಪಥ್ಯದ ಮಾತು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ನಮ್ಮ ಸಂಘಗಳಿಗೂ ಬಂದಿದೆ. ಹಾಗಾದರೆ ತುಪ್ಪ ಎಷ್ಟು ತಿನ್ನಬೇಕು?

ಮೊದಲು ಲೆಕ್ಕ ನೋಡೋಣ. ಕೀಟೋದಲ್ಲಿ ದಿನಕ್ಕೆ ಪಿಷ್ಟ, ಸಕ್ಕರೆ ಎರಡೂ ಸೇರಿ ಸುಮಾರು 50 ಗ್ರಾಂ ಒಳಗೇ ಇರಬೇಕು. 2000 ಕ್ಯಾಲೊರಿಯ ಊಟವಾದರೆ ಜಿಡ್ಡು 150 ಗ್ರಾಂನಷ್ಟು. (ಅಷ್ಟು ತುಪ್ಪದ ಖರ್ಚನ್ನು ಯಾವ ಸಾಲದಲ್ಲಿ ಬರೆಯೋಣ?) ಆದರೆ 100 ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಯಲ್ಲೇ ಪಿಷ್ಟ 60 ಗ್ರಾಂ ದಾಟುತ್ತದೆ. ಮುದ್ದೆಯೂ ಇರಲಿ, ಮೇಲೆ ಎರಡು ಸೌಟು ತುಪ್ಪವೂ ಇರಲಿ ಅಂದರೆ ಅದು ಪಥ್ಯವಲ್ಲ, ಹಬ್ಬದೂಟ! ಒಂದು ಗ್ರಾಂ ಪಿಷ್ಟದಲ್ಲಿ 4 ಕ್ಯಾಲೊರಿ, ಒಂದು ಗ್ರಾಂ ಜಿಡ್ಡಿನಲ್ಲಿ 9.

ಮುದ್ದೆ, ರೊಟ್ಟಿ ಉಣ್ಣುವ ನಮಗೆ ಎಣ್ಣೆ, ತುಪ್ಪ ಎಲ್ಲಾ ಸೇರಿ ದಿನಕ್ಕೆ ಐದಾರು ಟೀ ಚಮಚ ಸಾಕು. ಅನ್ನ ಕಡಿಮೆ ಮಾಡಿದವರೂ ಆ ಜಾಗಕ್ಕೆ ತುಪ್ಪ ಸುರಿಯಬೇಕಿಲ್ಲ; ಸೊಪ್ಪು, ಮೊಟ್ಟೆ, ಮೊಸರು ಇರಲಿ. ಶೇಂಗಾದಲ್ಲಿ ಅರ್ಧದಷ್ಟು ಎಣ್ಣೆಯೇ, ಒಂದು ಹಿಡಿ ಸಾಕು.

ಕೀಟೋ 1920ರ ದಶಕದಲ್ಲಿ ಮೂರ್ಛೆರೋಗಕ್ಕೆಂದು ವೈದ್ಯರು ರೂಪಿಸಿದ ಪಥ್ಯ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಒಮ್ಮೆಲೇ ಅನ್ನ ಬಿಟ್ಟರೆ ರಕ್ತದ ಸಕ್ಕರೆ ಇಳಿದು ತಲೆಸುತ್ತಿ ಬೀಳಬಹುದು. ಬಸುರಿಯರು, ಬಾಣಂತಿಯರು, ಕಿಡ್ನಿ ತೊಂದರೆ ಇರುವವರು ಇದರ ತಂಟೆಗೇ ಹೋಗುವುದು ಬೇಡ.