ಒಂದೇ ಗಿಡದ ಹುಳು, ಬೇರೆ ಬೇರೆ ವೇಷ

ಪ್ರಶ್ನೆ: ಹಿತ್ತಲಿನ ಕರಿಬೇವಿನ ಗಿಡದಲ್ಲಿದ್ದ ಹಸಿರು ಹುಳುಗಳನ್ನು ಮಕ್ಕಳು ಡಬ್ಬಿಯಲ್ಲಿಟ್ಟು ಸಾಕಿದರು. ಕೋಶ ಒಡೆದು ಬಂದ ಚಿಟ್ಟೆಗಳು ಕಪ್ಪು-ಬಿಳಿ. ಒಂದರ ಹಿಂರೆಕ್ಕೆಯಲ್ಲಿ ಮಾತ್ರ ಬಿಳಿಯ ಜೊತೆಗೆ ದೊಡ್ಡ ಕೆಂಪು ಮಚ್ಚೆಗಳು. ಎರಡು ಜಾತಿ ಬೆರೆತಿದ್ದವೇ?
– ಓದುಗರೊಬ್ಬರು, ಶಿರಸಿ

ಉತ್ತರ: ಇಲ್ಲ, ಎಲ್ಲವೂ ಕಾಮನ್ ಮಾರ್ಮನ್. ಕೆಂಪು ಮಚ್ಚೆಯದು ಹೆಣ್ಣು. ಗಂಡಿಗೆ ಒಂದೇ ರೂಪ: ಕಪ್ಪು ರೆಕ್ಕೆ, ಅಡ್ಡಲಾಗಿ ಬಿಳಿ ಮಚ್ಚೆಗಳ ಸಾಲು. ಹೆಣ್ಣಿಗೆ ನಮ್ಮಲ್ಲಿ ಮೂರು ರೂಪ. ಒಂದು ಗಂಡಿನಂತೆಯೇ ಇರುತ್ತದೆ, ಇನ್ನೊಂದು ಕಾಮನ್ ರೋಸ್ ಚಿಟ್ಟೆಯನ್ನು, ಮೂರನೆಯದು ಕ್ರಿಮ್ಸನ್ ರೋಸ್ ಚಿಟ್ಟೆಯನ್ನು ಹೋಲುತ್ತದೆ. ನಿಮ್ಮಲ್ಲಿ ಹುಟ್ಟಿದ್ದು ಕಾಮನ್ ರೋಸ್ ವೇಷದ್ದಿರಬೇಕು.

ರೋಸ್ ಚಿಟ್ಟೆಗಳ ಹುಳುಗಳು ಈಶ್ವರಿ ಬಳ್ಳಿಯ ಎಲೆ ತಿಂದು ಅದರ ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುತ್ತವೆ. ಒಮ್ಮೆ ಕುಕ್ಕಿ ಬಾಯಿ ಕೆಡಿಸಿಕೊಂಡ ಹಕ್ಕಿ ಆ ಬಣ್ಣದ ತಂಟೆಗೆ ಮತ್ತೆ ಹೋಗುವುದಿಲ್ಲ. ಕರಿಬೇವು ತಿಂದ ಮಾರ್ಮನ್‌ಗೆ ವಿಷವಿಲ್ಲ, ವೇಷ ಮಾತ್ರ. ಒಡಲು ನೋಡಿದರೆ ಗುಟ್ಟು ರಟ್ಟು: ರೋಸ್‌ಗಳದ್ದು ಕೆಂಪು, ಮಾರ್ಮನ್‌ದು ಕಪ್ಪು. ಇಂಥ ಮೋಸವನ್ನು ಅಮೆಜಾನ್ ಚಿಟ್ಟೆಗಳಲ್ಲಿ ಗುರುತಿಸಿ 1862ರಲ್ಲಿ ವಿವರಿಸಿದವರು ಹೆನ್ರಿ ಬೇಟ್ಸ್.

ಪ್ರಶ್ನೆ: ಕೋಶದೊಳಗಿನ ಹುಳು ಯಾರನ್ನು ನೋಡಿ ವೇಷ ಕಲಿಯುತ್ತದೆ? ಅಷ್ಟು ಲಾಭವಿದ್ದರೆ ಎಲ್ಲ ಹೆಣ್ಣುಗಳೂ ಯಾಕೆ ಹಾಕುವುದಿಲ್ಲ?
– ಅದೇ ಓದುಗರು

ಉತ್ತರ: ಕಲಿಯುವುದೇನೂ ಇಲ್ಲ, ಅದು ಹುಟ್ಟಿನಿಂದ ಬಂದದ್ದು. ಎಂದೋ ಆಕಸ್ಮಿಕವಾಗಿ ರೋಸ್‌ನಂತೆ ಕೊಂಚ ಕಂಡ ಹೆಣ್ಣು ಹಕ್ಕಿಯ ಕೊಕ್ಕಿನಿಂದ ಪಾರಾಗಿ ಹೆಚ್ಚು ಮೊಟ್ಟೆ ಇಟ್ಟಿತು. ಇನ್ನೂ ಚೆನ್ನಾಗಿ ಹೋಲುವ ಮಕ್ಕಳು ಇನ್ನೂ ಹೆಚ್ಚು ಉಳಿದವು. ತಿದ್ದಿದ್ದು ಹಕ್ಕಿಗಳೇ ಎನ್ನಬಹುದು!

ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯ ಕೃಷ್ಣಮೇಘ್ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ಈ ವೇಷದ ಹಿಂದಿರುವ ಜೀನನ್ನು ಪತ್ತೆ ಹಚ್ಚಿದರು. ಹೆಸರು ಡಬಲ್‌ಸೆಕ್ಸ್. ಕೀಟಗಳ ಮೈಯನ್ನು ಗಂಡು-ಹೆಣ್ಣಾಗಿ ರೂಪಿಸುವ ಹಳೆಯ ಜೀನು ಇಲ್ಲಿ ರೆಕ್ಕೆಯ ಚಿತ್ತಾರದ ಕೆಲಸವನ್ನೂ ವಹಿಸಿಕೊಂಡಿದೆ. ವೇಷದ ಜೀನು ಗಂಡಿನಲ್ಲೂ ಇರಬಹುದು, ಆದರೆ ಅವನ ರೆಕ್ಕೆಯಲ್ಲಿ ಕಾಣದು. ಅವನ ಹೆಣ್ಣುಮಕ್ಕಳಲ್ಲಿ ಕೆಲವಕ್ಕೆ ಅದು ಸಿಕ್ಕಿ, ಕೆಲವಕ್ಕೆ ಸಿಗದೆ ಹೋದರೆ ಅಕ್ಕತಂಗಿಯರೇ ಬೇರೆ ಬೇರೆ.

ಎಲ್ಲರೂ ವೇಷ ಹಾಕಿದರೆ ಆಟ ಕೆಡುತ್ತದೆ. ರೋಸ್‌ಗಳಿಗಿಂತ ನಕಲಿಗಳೇ ಹೆಚ್ಚಾದಲ್ಲಿ ಹಕ್ಕಿಯ ಬಾಯಿಗೆ ರುಚಿಯಾದ ಚಿಟ್ಟೆಗಳೇ ಸಿಗುತ್ತವೆ, ಅದರ ಭಯ ಬಿಟ್ಟುಹೋಗುತ್ತದೆ. ಊರಿಗೆ ತಕ್ಕ ವೇಷವೂ ಬೇಕು. ಮಾರ್ಮನ್ ಆಗ್ನೇಯ ಏಷ್ಯಾದುದ್ದಕ್ಕೂ ಇದೆ, ಕ್ರಿಮ್ಸನ್ ರೋಸ್ ಮಾತ್ರ ಮುಖ್ಯವಾಗಿ ಭಾರತ, ಶ್ರೀಲಂಕಾಗಳದ್ದು. ಅದರ ವೇಷ ತೊಟ್ಟ ಹೆಣ್ಣು ಮಾರ್ಮನ್ ಕಾಣಸಿಗುವುದೂ ಈ ಕಡೆಯೇ.