ಏಸಿ ಹಾಕಿದರೆ ಗಾಡಿ ಯಾಕೆ ಜರ್ಕ್ ಹೊಡೀತದೆ?

ರಾಯಚೂರಿನ ಬೇಸಿಗೆ ಅಂದ್ರೆ ಗೊತ್ತಲ್ಲ, 40 ಡಿಗ್ರಿ ದಾಟೋದು ಇಲ್ಲಿ ಸುದ್ದಿಯೇ ಅಲ್ಲ. ಮಲ್ಲಟದಿಂದಲೋ ದೇವದುರ್ಗದಿಂದಲೋ ರಾಯಚೂರಿಗೆ ಬರುವ ಒಂದು ಹಳೆಯ ಪೆಟ್ರೋಲ್ ಕಾರನ್ನು ನೆನೆಸಿಕೊಳ್ಳಿ. ರೋಡಿನ ಮೇಲೆ ಓಡುವಾಗ ಏನೂ ತೊಂದರೆ ಇಲ್ಲ. ರೈಲ್ವೆ ಗೇಟಿನಲ್ಲಿ ನಿಲ್ಲಿಸಿದ ಕೂಡಲೇ, ಏಸಿ ಆನ್ ಇದ್ದರೆ, ಇಡೀ ಗಾಡಿ ನಡುಗುತ್ತದೆ. ಗ್ಯಾರೇಜಿಗೆ ಹೋದರೆ ಒಬ್ಬರು ಗ್ಯಾಸ್ ಹಾಕಿಸಿ ಅಂತಾರೆ, ಇನ್ನೊಬ್ಬರು ಪ್ಲಗ್ ಅಂತಾರೆ, ಮತ್ತೊಬ್ಬರು ಕಂಪ್ರೆಸರೇ ಹೋಗಿದೆ ಅಂತಾರೆ. ಮೂರನ್ನೂ ಬದಲಾಯಿಸಿ ಸಾವಿರಾರು ರೂಪಾಯಿ ಸುರಿದ ಮೇಲೂ ನಡುಕ ಹಾಗೇ ಉಳಿಯಬಹುದು.

ಹಂಗಾಗಿ ಈ ಸಲದ ಪಾಠ ಇಷ್ಟೇ: ಏನು ಬದಲಾಯಿಸಬೇಕು ಎಂದು ಕೇಳುವ ಮೊದಲು, ಜರ್ಕ್ ಯಾವಾಗ ಬರ್ತದೆ, ಎಷ್ಟು ಸಲ ಬರ್ತದೆ ಎಂದು ನೋಡೋಣ.

ಮೊದಲು ಸ್ವಲ್ಪ ಲೆಕ್ಕ

ಐಡಲ್‌ನಲ್ಲಿ ಎಂಜಿನ್ ಸುಮಾರು 750 ಆರ್‌ಪಿಎಂನಲ್ಲಿ ತಿರುಗುತ್ತಿದೆ ಎಂದುಕೊಳ್ಳೋಣ. ಅಂದರೆ ಕೋನೀಯ ವೇಗ ಸೆಕೆಂಡಿಗೆ 78.5 ರೇಡಿಯನ್. ಬಿಸಿಲಲ್ಲಿ ಏಸಿ ಕಂಪ್ರೆಸರ್ 2 ಕಿಲೋವ್ಯಾಟ್ ಎಳೆಯುತ್ತದೆ ಎಂದು ಹಿಡಿದರೆ, ಟಾರ್ಕ್ = 2000 ÷ 78.5, ಸುಮಾರು 25 ನ್ಯೂಟನ್ ಮೀಟರ್. ಐಡಲ್‌ನಲ್ಲಿ ಎಂಜಿನ್ ತನ್ನದೇ ಘರ್ಷಣೆ ಮೀರುವಷ್ಟು ಮಾತ್ರ ದುಡೀತಿರ್ತದೆ. ಅಂಥ ಹೊತ್ತಲ್ಲಿ ಮ್ಯಾಗ್ನೆಟಿಕ್ ಕ್ಲಚ್ "ಟಕ್" ಎಂದು ಕೂತು, ಈ ಹೊರೆ ಒಮ್ಮೆಲೇ ಬೀಳುತ್ತದೆ.

ಅದಕ್ಕೇ ಏಸಿ ಸ್ವಿಚ್ ಒತ್ತಿದ ಕೂಡಲೇ ಇಸಿಯು ಗಾಳಿ ಹೆಚ್ಚಿಗೆ ಬಿಟ್ಟು ಐಡಲ್ ಏರಿಸುತ್ತದೆ. 750 ಇದ್ದದ್ದು 900 ಆದರೆ ತಿರುಗುವ ಭಾಗಗಳಲ್ಲಿರುವ ಚಲನಶಕ್ತಿ 44 ಶೇಕಡಾ ಹೆಚ್ಚುತ್ತದೆ (ವೇಗದ ವರ್ಗ ಅಲ್ವಾ!). ಹೊರೆ ಬಿದ್ದಾಗ ತಡೆದುಕೊಳ್ಳುವ ಬಲ ಅಲ್ಲಿಂದ ಬರ್ತದೆ. ಅಂದರೆ ಜರ್ಕ್ ಬರಲು ಮೂಲ ಕಾರಣ ಎರಡೇ: ಒಂದೋ ಹೊರೆ ಅತಿಯಾಗಿದೆ, ಇಲ್ಲವೋ ಎಂಜಿನ್ ಆ ಹೊರೆಗೆ ಸರಿಯಾಗಿ ಉತ್ತರ ಕೊಡ್ತಿಲ್ಲ.

ಬೇಸಿಗೆಯಲ್ಲೇ ಯಾಕೆ?

ಬಹಳಷ್ಟು ಕಾರುಗಳ ಏಸಿಯಲ್ಲಿ ಇರೋದು ಆರ್-134ಎ ಗ್ಯಾಸ್. ಇದು ಕಂಡೆನ್ಸರ್‌ನಲ್ಲಿ 50 ಡಿಗ್ರಿಯಲ್ಲಿ ದ್ರವವಾಗಲು ಸುಮಾರು 13 ಬಾರ್ ಒತ್ತಡ ಬೇಕು. 60 ಡಿಗ್ರಿಗೆ ಸುಮಾರು 17, 70 ಡಿಗ್ರಿಗೆ 21 ಬಾರ್. ಹೊರಗಿನ ಗಾಳಿಯೇ 42 ಡಿಗ್ರಿ ಇದ್ದಾಗ ಕಂಡೆನ್ಸರ್ ಅದಕ್ಕಿಂತ ಸಾಕಷ್ಟು ಬಿಸಿ ಇರಲೇಬೇಕು, ಇಲ್ಲದಿದ್ದರೆ ಶಾಖ ಹೊರಗೆ ಹೋಗೋದೇ ಇಲ್ಲ. ಗಾಡಿ ಓಡುವಾಗ ಗಾಳಿ ತಾನಾಗಿ ಬಡಿಯುತ್ತದೆ. ನಿಂತಾಗ ಎಲ್ಲ ಭಾರ ಫ್ಯಾನಿನ ಮೇಲೆ.

ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಹೊಟ್ಟು, ಹತ್ತಿಯ ಎಳೆ, ಎರೆಮಣ್ಣಿನ ಧೂಳು ಎಲ್ಲ ಕಂಡೆನ್ಸರ್ ಫಿನ್‌ಗಳ ನಡುವೆ ಹೋಗಿ ಕೂರುತ್ತವೆ. ಗಾಳಿ ದಾಟದಿದ್ದರೆ ಒತ್ತಡ ಏರುತ್ತದೆ, ಒತ್ತಡ ಏರಿದರೆ ಕಂಪ್ರೆಸರ್ ತಿರುಗಿಸುವ ಟಾರ್ಕ್ ಏರುತ್ತದೆ. ಇಂಥ ಗಾಡಿಗೆ "ಗ್ಯಾಸ್ ಕಡಿಮೆ ಆಗಿದೆ" ಅಂತ ಇನ್ನಷ್ಟು ಗ್ಯಾಸ್ ತುಂಬಿದರೆ ತೊಂದರೆ ಹೆಚ್ಚೇ ಆಗ್ತದೆ.

ಜರ್ಕ್ ಎಣಿಸಿ

ಬಯಲಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿಡಿ. ಮುಚ್ಚಿದ ಶೆಡ್ಡಿನಲ್ಲಿ ಬೇಡ, ಹೊಗೆಯ ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೇ ಅಪಾಯ. ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು, ಕೈ, ದುಪಟ್ಟಾ, ಟವೆಲ್ ದೂರ ಇರಲಿ.

1. ಕೆಲವು ಸೆಕೆಂಡಿಗೊಮ್ಮೆ "ಟಕ್" ಸದ್ದಿನ ಜೊತೆಗೇ ಒಂದು ಜರ್ಕ್: ಕ್ಲಚ್ ಪದೇ ಪದೇ ಹತ್ತಿ ಬಿಡ್ತಿದೆ. ಗ್ಯಾಸ್ ಕಡಿಮೆ ಇದ್ದು ಪ್ರೆಷರ್ ಸ್ವಿಚ್ ಕಡಿಯುತ್ತಿರಬಹುದು, ಇಲ್ಲಾ ಒತ್ತಡ ಅತಿಯಾಗಿ ಕಡಿಯುತ್ತಿರಬಹುದು. ಗೇಜ್ ಹಾಕದೆ ತೀರ್ಮಾನ ಬೇಡ.

2. ಸೆಕೆಂಡಿಗೆ ಸುಮಾರು ಆರು ಸಲ ಒಂದೇ ತಾಳದಲ್ಲಿ ನಡುಕ: ನಾಲ್ಕು ಸ್ಟ್ರೋಕ್ ಎಂಜಿನ್ನಿನ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. 750 ÷ 60 ÷ 2 = 6.25. ಅಂದರೆ ಒಂದು ಸಿಲಿಂಡರ್ ಮಿಸ್ ಆಗ್ತಿದೆ. ಹೊರೆ ಬಿದ್ದಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚು, ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಸವೆದ ಪ್ಲಗ್, ಬಿರುಕುಬಿಟ್ಟ ಕಾಯಿಲ್ ಸಿಕ್ಕಿಬೀಳೋದು ಆಗಲೇ.

3. ಆರ್‌ಪಿಎಂ ಮುಳ್ಳು ಇಳಿದು ಏರಿ ತೂಗಾಡುತ್ತದೆ: ಥ್ರಾಟಲ್ ಬಾಡಿಯಲ್ಲಿ ಕಾರ್ಬನ್, ಐಡಲ್ ವಾಲ್ವ್ ದೋಷ, ಅಥವಾ ವ್ಯಾಕ್ಯೂಮ್ ಸೋರಿಕೆ.

4. ಮುಳ್ಳು ಅಲುಗೋದೇ ಇಲ್ಲ, ಬಾಡಿ ಮಾತ್ರ ನಡುಗುತ್ತದೆ: ಎಂಜಿನ್ ಮೌಂಟ್ ರಬ್ಬರ್ ನೋಡಿ.

ಖರ್ಚಿಲ್ಲದ ಮೂರು ಪರೀಕ್ಷೆ

ಏಸಿ ಆಫ್ ಮಾಡಿ, ಹೆಡ್‌ಲೈಟ್, ಬ್ಲೋವರ್, ಹಿಂದಿನ ಡಿಫಾಗರ್ ಇದ್ದರೆ ಅದನ್ನೂ ಹಾಕಿ. ಆಲ್ಟರ್ನೇಟರ್ ಹೊರೆಗೂ ಐಡಲ್ ಕುಸಿದರೆ, ಹುಡುಕಾಟ ಎಂಜಿನ್ ಕಡೆಯಿಂದ ಶುರುವಾಗಲಿ.

ಏಸಿ ಹಾಕಿ ಕಂಡೆನ್ಸರ್ ಫ್ಯಾನ್ ತಿರುಗುತ್ತದಾ ನೋಡಿ. ಆಮೇಲೆ ಮುಂದಿನಿಂದ ಕಂಡೆನ್ಸರ್ ಮೇಲೆ ಮೆಲ್ಲಗೆ ನೀರು ಚಿಮುಕಿಸಿ, ವೈರಿಂಗ್ ಮೇಲೆ ಬೀಳದಂತೆ. ಒಂದೆರಡು ನಿಮಿಷದಲ್ಲಿ ನಡುಕ ಕಡಿಮೆಯಾದರೆ ಶಾಖ ಹೊರಹೋಗ್ತಿಲ್ಲ ಎಂದರ್ಥ. ಫಿನ್ ತೊಳೆಯುವುದು, ಫ್ಯಾನ್ ರಿಪೇರಿ ಮೊದಲು. ಕಂಪ್ರೆಸರ್ ಮಾತು ಆಮೇಲೆ. ತೊಳೆಯುವಾಗ ಜೋರು ಜೆಟ್ ಬೇಡ, ಫಿನ್ ಮಡಚಿಕೊಳ್ಳುತ್ತವೆ.

ಬಾನೆಟ್ ಕೆಳಗೆ ರಬ್ಬರ್ ಹೋಸ್‌ಗಳನ್ನು ಕಣ್ಣಿಟ್ಟು ನೋಡಿ. ಸುಗ್ಗಿ ಕಾಲದಲ್ಲಿ ಹುಲ್ಲಿನ ಬಣವೆ ಪಕ್ಕ ನಿಂತ ಗಾಡಿಯಲ್ಲಿ ಇಲಿ ಕಡಿದ ಹೋಸ್ ಸಿಗೋದು ಅಪರೂಪವಲ್ಲ.

ಓಬಿಡಿ ಸ್ಕ್ಯಾನರ್ ಇದ್ದರೆ ಇನ್ನೂ ಸುಲಭ. ಪಿ0301 ಅಂದರೆ ಒಂದನೇ ಸಿಲಿಂಡರ್ ಮಿಸ್‌ಫೈರ್, ಪಿ0505 ಅಂದರೆ ಐಡಲ್ ನಿಯಂತ್ರಣ. ಫ್ಯೂಯೆಲ್ ಟ್ರಿಮ್ ಐಡಲ್‌ನಲ್ಲಿ ಪ್ಲಸ್ 10 ಶೇಕಡಾ ದಾಟಿ, 2500 ಆರ್‌ಪಿಎಂನಲ್ಲಿ ಸೊನ್ನೆಯ ಹತ್ತಿರ ಬಂದರೆ ವ್ಯಾಕ್ಯೂಮ್ ಸೋರಿಕೆಯ ಗುಮಾನಿ ಬಲವಾಗುತ್ತದೆ. ಥ್ರಾಟಲ್ ಸ್ವಚ್ಛ ಮಾಡಿಸಿದರೆ ಐಡಲ್ ರೀಲರ್ನ್ ಮಾಡಿಸೋದು ಮರೀಬೇಡಿ.

ಗ್ಯಾಸ್ ವಿಷಯ

ಎಷ್ಟು ಗ್ಯಾಸ್ ಬೇಕು ಎಂಬುದು ಸಾಮಾನ್ಯವಾಗಿ ಬಾನೆಟ್ ಕೆಳಗಿನ ಸ್ಟಿಕರ್ ಮೇಲೆ ಗ್ರಾಂ ಲೆಕ್ಕದಲ್ಲಿ ಬರೆದಿರ್ತದೆ. ಅಂದಾಜಿಗೆ ತುಂಬಿಸಬೇಡಿ, ತೂಕ ಮಾಡುವ ಯಂತ್ರ ಇರುವಲ್ಲಿ ಮಾಡಿಸಿ. ಹಳೆಯದನ್ನು ಗಾಳಿಗೆ ಬಿಡಲು ಒಪ್ಪಬೇಡಿ. ಭೂಮಿ ಬಿಸಿಯಾಗಿಸುವುದರಲ್ಲಿ ಒಂದು ಕಿಲೋ ಆರ್-134ಎ, ನೂರು ವರ್ಷದ ಲೆಕ್ಕದಲ್ಲಿ, ಸುಮಾರು 1430 ಕಿಲೋ ಕಾರ್ಬನ್ ಡೈಆಕ್ಸೈಡಿಗೆ ಸಮ. ಗ್ಯಾಸ್ ನಿಜವಾಗಿಯೂ ಕಡಿಮೆ ಆಗಿದ್ದರೆ ಎಲ್ಲೋ ಸೋರುತ್ತಿದೆ. ಅದನ್ನು ಹುಡುಕದೆ ತುಂಬಿಸಿದ್ದು ತೂತು ಕೊಡಕ್ಕೆ ನೀರು ಹೊಯ್ದಂತೆ.

ರಜೆಗೆ ಊರಿಗೆ ಹೋದಾಗ ಮನೆಯ ಗಾಡಿಯ ಮೇಲೆ ಇದನ್ನೆಲ್ಲ ಮಾಡಿ ನೋಡಿ. ಏಸಿ ಆನ್, ಏಸಿ ಆಫ್, ಮಧ್ಯಾಹ್ನ, ಬೆಳಿಗ್ಗೆ: ನಾಲ್ಕು ಸಲದ ಆರ್‌ಪಿಎಂ, ಜರ್ಕಿನ ಎಣಿಕೆ, ಫ್ಯಾನಿನ ಸ್ಥಿತಿ ಒಂದು ಹಾಳೆಯಲ್ಲಿ ಬರೆದಿಡಿ. ಮೆಕ್ಯಾನಿಕ್ ಹತ್ತಿರ ಆ ಹಾಳೆ ಹಿಡಿದು ಹೋದರೆ ಮಾತು "ಏನು ಬದಲಾಯಿಸೋಣ" ಎಂಬಲ್ಲಿಂದ ಶುರುವಾಗದೆ "ಎಲ್ಲಿ ನೋಡೋಣ" ಎಂಬಲ್ಲಿಂದ ಶುರುವಾಗುತ್ತದೆ. ಅವರ ಕೈಯ ಅನುಭವಕ್ಕೆ ನಮ್ಮ ಲೆಕ್ಕ ಸೇರಿದರೆ ಇಬ್ಬರಿಗೂ ಲಾಭ, ಅಪ್ಪನ ಜೇಬಿಗೂ.