ಮಳೆಯ ಲೆಕ್ಕ: ಕಾಲಶ್ರೇಣಿಯ ಒಂದು ಪಾಠ

ನಿಯತ ಅವಧಿಗೊಮ್ಮೆ ಅಳೆದು ಕಾಲಕ್ರಮದಲ್ಲಿ ಬರೆದಿಟ್ಟ ಅಂಕಿಗಳ ಸಾಲಿಗೆ ಕಾಲಶ್ರೇಣಿಯೆನ್ನುವರು. ಮಳೆಯನ್ನು ನಂಬಿದ ನಮ್ಮ ಆಲೂರು ಸೀಮೆಗೆ ಮಳೆಯ ಲೆಕ್ಕಕ್ಕಿಂತ ಉತ್ತಮ ನಿದರ್ಶನವನ್ನು ನಾನು ಕಾಣೆ. ಇದರಲ್ಲಿ ಮೂರು ಎಳೆಗಳುಂಟು: ದಶಕಗಳ ಒಲವು, ಮುಂಗಾರು ಹಿಂಗಾರುಗಳ ಆವರ್ತನೆ, ಆಕಸ್ಮಿಕ ಏರಿಳಿತ. ಇವನ್ನು ಬಿಡಿಸಿ ನೋಡುವುದೇ ವಿಶ್ಲೇಷಣೆ.

ಎರಡು ವರ್ಷಗಳ ಬರದಿಂದ ಒಲವನ್ನು ನಿರ್ಣಯಿಸಲಾಗದು. ದೀರ್ಘಕಾಲದ ಲೆಕ್ಕ ಬೇಕು. 1953ರವರೆಗೆ ನಮ್ಮ ತಾಲ್ಲೂಕು ಬಳ್ಳಾರಿ ಜಿಲ್ಲೆಗೆ ಸೇರಿದ್ದುದರಿಂದ ಹಳೆಯ ಅಂಕಿಗಳನ್ನು ಅಲ್ಲಿಯ ಲೆಕ್ಕದಲ್ಲಿ ಅರಸಿ ಜೋಡಿಸಬೇಕು.

ವರ್ಷದ ಮೊತ್ತವೊಂದೇ ಸಾಲದು. 2009ರಲ್ಲಿ ದೇಶದ ಮುಂಗಾರು ಕ್ಷೀಣಿಸಿತ್ತು. ಅಕ್ಟೋಬರ್ ಆರಂಭದಲ್ಲಿ ಕರ್ನೂಲು ನೆರೆಯಲ್ಲಿ ಮುಳುಗಿತು. ಕೊರತೆ, ಅತಿವೃಷ್ಟಿಗಳ ಈ ಸರದಿ ಮೊತ್ತದಲ್ಲಿ ಕಾಣದು. ಬಿತ್ತುವ ರೈತನಿಗೋ ಸರದಿಯೇ ಸರ್ವಸ್ವ.

ನಮ್ಮ ಶಾಲೆಯ ಅಂಗಳದಲ್ಲೊಂದು ಮಳೆಮಾಪಕವಿರಲಿ. ವಿದ್ಯಾರ್ಥಿಗಳು ನಿತ್ಯವೂ ಅಳೆದು ಬರೆಯಲಿ. ಅಳೆಯದೆ ಉಳಿದ ದಿನವನ್ನು ಮಾತ್ರ ಸೊನ್ನೆಯೆಂದು ಬರೆಯದಿರಲಿ.